ಜೋಳದ ಬಿಯರು, ಚಿದ್ರಿಯ ಎಮ್ಮೆ

ಔರಾದ ರಸ್ತೆಯ ಸಣ್ಣ ಬಿಯರು ಕಾರ್ಖಾನೆಯಲ್ಲಿ ಜೋಳ ಮೊಳೆಸುವ ಹೊಣೆ ಸಪನಾಳದು. ಅವಳ ಊರು ಭಾಲ್ಕಿ ತಾಲ್ಲೂಕಿನ ಸಾಯಗಾಂವ. ಸೂಕ್ಷ್ಮಜೀವಶಾಸ್ತ್ರ ಓದಿ ಬೀದರಿನ ಮೈಲೂರಿನಲ್ಲಿ ಬಾಡಿಗೆಗೆ ಇದ್ದಳು. ಧಾನ್ಯದ ಅಡತಿ ಅಂಗಡಿಗಳಲ್ಲಿ ಯಾರಿಗೂ ಬೇಡವಾಗಿ ಉಳಿಯುವ ಒಡಕು ಜೋಳದಿಂದ ಬಿಯರು ಮಾಡಲು ಕಂಪನಿ ಹೊರಟಾಗ ಮೊದಲ ಮೂರು ಸಲವೂ ಕಾಳು ಮೊಳೆಯದೆ ಕೊಳೆತು ನಾರಿತು. ಇಡೀ ಜೋಳವನ್ನಷ್ಟೇ ಮೊಳೆಸಿ, ಒಣಗಿಸಿ, ಬೇಯಿಸಿದ ಒಡಕಿಗೆ ಬೆರೆಸಬೇಕೆಂದು ತೋರಿಸಿಕೊಟ್ಟವಳು ಅವಳೇ. ಒಣಗಿದ ಮೇಲೆ ಮೊಳಕೆಯನ್ನು ಉಜ್ಜಿ ತೆಗೆದು ಹೂಳಬೇಕೆಂದೂ ಬರೆದುಕೊಟ್ಟಿದ್ದಳು. ಎಳೆ ಜೋಳದ ಪೈರು ಮೇದ ದನ ನಿಂತಲ್ಲೇ ಕುಸಿಯುವುದನ್ನು ಊರಲ್ಲಿ ಕಂಡಿದ್ದಳು. ಅದೇ ವಿಷ ಮೊಳಕೆಯಲ್ಲೂ ಇರುತ್ತದೆ.

ಮ್ಯಾನೇಜರ್ ಮಾಣಿಕನಿಗೆ ಹೂಳುವುದು ಹಿಡಿಸಲಿಲ್ಲ. 'ಇಲ್ಲಿ ಏನೂ ವ್ಯರ್ಥವಾಗುವುದಿಲ್ಲ' ಎಂದು ಬಾಗಿಲಲ್ಲೇ ಫಲಕ ಹಾಕಿಸಿದ್ದ. ಸಪನಾ ರಜೆಯಲ್ಲಿದ್ದ ವಾರ ಮೊಳಕೆಯನ್ನೆಲ್ಲ ಚೀಲಕ್ಕೆ ತುಂಬಿಸಿ, ಪುಕ್ಕಟೆ ಪಶು ಆಹಾರವೆಂದು ಹಂಚಿಬಿಟ್ಟ.

ಅವಳು ಕೆಲಸಕ್ಕೆ ಮರಳಿದ ದಿನ ಚಿದ್ರಿಯಲ್ಲಿ ಎಮ್ಮೆ ಸಾಕಿದ್ದ ಏಜಾಜ ಗೇಟಿನ ಮುಂದೆ ನಿಂತಿದ್ದ.

"ನೀವು ಕೊಟ್ಟಿದ್ದು ನೆನಿಸಿ ಇಟ್ಟೆ ರೀ. ಅರ್ಧಾ ತಾಸಿನ್ಯಾಗ ಒಂದು ಎಮ್ಮಿ ಹೋಯ್ತು. ಇನ್ನೊಂದಕ್ಕ ಡಾಕ್ಟರು ಸೂಜಿ ಮಾಡ್ಯಾರ. ಏನ್ ಹಾಕಿದ್ರಿ ಅದರಾಗ?"

"ಎಲ್ಲೋ ಪ್ಲಾಸ್ಟಿಕ್ ತಿಂದಿರ್ತದ. ನಮ್ಮ ಹೆಸರು ಯಾಕ ಕೆಡಸ್ತಿ?" ಎಂದ ಮಾಣಿಕ.

ಸಪನಾಳಿಗೆ ಮೈಯೆಲ್ಲ ಉರಿದುಹೋಯಿತು. "ಸುಳ್ಳು ಹೇಳಬ್ಯಾಡ್ರಿ ಸರ್. ಹೂಳ್ರಿ ಅಂತ ಬರ್ದು ಕೊಟ್ಟೇನಿ. ಅದರ ಮ್ಯಾಲ ನಿಮ್ಮ ಸಹಿ ಅದ."

"ನೀವು ಒಳಗ ಹೋಗ್ರಿ ಮೇಡಂ."

"ಹೋಗಂಗಿಲ್ರಿ. ಇನ್ನೂ ಯಾರ್ಯಾರಿಗೆ ಕೊಟ್ಟೀರಿ, ಅದನ್ನ ಮೊದಲ ಹೇಳ್ರಿ!"

ಮಾಣಿಕ ತಾನೇ ಒಳಗೆ ಹೋಗಿಬಿಟ್ಟ. ಚೀಲ ಹೊತ್ತೊಯ್ದಿದ್ದ ಟೆಂಪೋ ಡ್ರೈವರ್ ಖಾಸಿಂ ಅಲಿಯೇ ಹೇಳಿದ: ಭಾಲ್ಕಿಯಲ್ಲಿ ಎರಡು ಮನೆ, ಔರಾದದಲ್ಲಿ ಒಂದು. ಭಾಲ್ಕಿಯವರಿಗೆ ಫೋನ್ ಹತ್ತಿತು. ಔರಾದದವರು ಎತ್ತಲಿಲ್ಲ. ಸಪನಾ ಟೆಂಪೋ ಹತ್ತಿ ಕುಳಿತಳು.

ಔರಾದದಲ್ಲಿ ಕೌಸಲ್ಯಾಬಾಯಿ ಎಂಬ ಮುದುಕಿ ಬುಟ್ಟಿ ಹಿಡಿದು ಆಕಳ ಕಡೆಗೇ ಹೊರಟಿದ್ದಳು. ಸಪನಾ ಓಡಿಹೋಗಿ ಬುಟ್ಟಿ ಕಿತ್ತುಕೊಂಡು ವಿಷಯ ಹೇಳಿದಳು. ಮುದುಕಿ ಚೀಲವನ್ನು ತಿರುವಿ ತಿರುವಿ ನೋಡಿದಳು. ಅದರ ಮೇಲೆ ನಗುವ ರೈತನ ಚಿತ್ರವಿತ್ತು.

"ಇಷ್ಟು ಛಂದ ಚಿತ್ರ ತೆಗಿಲಿಕ್ಕ ಬರ್ತದ, ವಿಷ ಅಂತ ಎರಡು ಅಕ್ಷರ ಬರಿಲಿಕ್ಕ ಬರಂಗಿಲ್ಲೇನ ತಂಗಿ?"

ಸಪನಾ ಚೀಲವನ್ನು ಎತ್ತಿ ಟೆಂಪೋಗೆ ಹಾಕಿದಳು. ಮರಳುವ ದಾರಿಯಲ್ಲಿ ಅದರೊಳಗಿನ ಮೊಳಕೆಯ ಮಾದರಿಯನ್ನು ಬೀದರಿನ ಪಶುವೈದ್ಯರಿಗೆ ಒಪ್ಪಿಸಿ, ಮಾಣಿಕ ಸಹಿ ಮಾಡಿದ್ದ ಕಾಗದದ ನಕಲನ್ನೂ ಕೊಟ್ಟಳು. ಸಂಜೆಯೊಳಗೆ ಅವಳ ಕೆಲಸ ಹೋಯಿತು.

ಪರೀಕ್ಷೆಯಲ್ಲಿ ವಿಷ ಇರುವುದು ಖಚಿತವಾದ ಮೇಲೆ ಕಂಪನಿ ಏಜಾಜನಿಗೆ ಎಮ್ಮೆ ಕೊಡಿಸಿತು. ಹಾರ ಹಾಕಿದ ಎಮ್ಮೆಯ ಪಕ್ಕ ಮಾಣಿಕ ನಿಂತ ಫೋಟೋ ಪತ್ರಿಕೆಯಲ್ಲಿ ಬಂತು: 'ಬಡ ಹೈನುಗಾರನಿಗೆ ಕಂಪನಿಯ ನೆರವು.'

"ನೆರವಂತ!" ಎಂದು ಸಪನಾ ಪತ್ರಿಕೆ ಹಿಡಿದು ಅದರ ಕಚೇರಿಗೇ ನಡೆದಳು. ಏಜಾಜನೂ ಜೊತೆಗಿದ್ದ. ಪರೀಕ್ಷೆಯ ವರದಿಯನ್ನು ಮೇಜಿನ ಮೇಲಿಟ್ಟು, ಸಂಪಾದಕರು ಓದಿ ಮುಗಿಸುವವರೆಗೂ ಇಬ್ಬರೂ ಕದಲಲಿಲ್ಲ. ನಾಲ್ಕನೆಯ ದಿನ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು: 'ಅದು ನೆರವಲ್ಲ, ಕಂಪನಿ ಕೊಟ್ಟ ಮೇವಿನಿಂದ ಸತ್ತ ಎಮ್ಮೆಗೆ ಪರಿಹಾರ.' ಏಜಾಜ ಅದನ್ನು ಕತ್ತರಿಸಿ ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿದ.