ಸ್ಟಾರ್ಟರಿಗೆ ಕಾಯಿನೀರಿನ ಅಭಿಷೇಕ

ನಮ್ಮ ಮನೆಯಲ್ಲಿ ಒಂದು ಕಾರು ಇತ್ತು ಎಂದರೆ ಸುಳ್ಳಾಗುತ್ತದೆ. ಕಾರಿನ ಮನೆಯಲ್ಲಿ ನಾವು ಇದ್ದೆವು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಕೊಟ್ಟೂರಿಗೆ ಬಂದಾಗ, ಹಿಂದೆ ಎತ್ತು ಕಟ್ಟುತ್ತಿದ್ದ ತಂಪು ಜಾಗವನ್ನೆಲ್ಲ ಅದೇ ಹಿಡಿದು ನಿಂತಿತ್ತು. ಬೀಗರು ಬಂದರೆ ಮಾವ ಮೊದಲು ಕಾರು ತೋರಿಸುತ್ತಿದ್ದರು, ಆಮೇಲೆ ಕಾಲಿಗೆ ನೀರು. ಕಪ್ಪು ಬಣ್ಣದ ವಿಲಾಯಿತಿ ಕಾರು, ವಯಸ್ಸಿನಲ್ಲಿ ನನಗಿಂತ ಹಿರಿದು. ಹೊಸಪೇಟೆಯಲ್ಲಿದ್ದ ಯಾರೋ ದೊಡ್ಡ ಅಧಿಕಾರಿ ಊರು ಬಿಡುವಾಗ ಅದನ್ನು ಮಾವನಿಗೆ ಮಾರಿ ಹೋಗಿದ್ದರು. ಹೋಗುವಾಗ ಆ ಪುಣ್ಯಾತ್ಮ ಅಷ್ಟೊಂದು ನಗುತ್ತಾ ಯಾಕೆ ಹೋದರು ಎಂದು ಮಾವ ಒಂದು ದಿನವೂ ಯೋಚನೆ ಮಾಡಿದವರಲ್ಲ.

ಕಾರಿಗೆ ದೋಷ ಇದ್ದದ್ದು ಒಂದೇ. ಅದು ಚಾಲೂ ಆಗುತ್ತಿರಲಿಲ್ಲ. ಚಾಲೂ ಆದ ಮೇಲೆ ಹಗರಿಬೊಮ್ಮನಹಳ್ಳಿಗೆ ಹೋಗಿ ಬಾ ಎಂದರೂ ಹೋಗಿ ಬರುತ್ತಿತ್ತು, ಕೂಡ್ಲಿಗಿಯ ಏರು ದಾರಿಯನ್ನೂ ಹತ್ತುತ್ತಿತ್ತು. ಆದರೆ ಸ್ಟಾರ್ಟರಿನ ಗುಂಡಿ ಎಳೆದರೆ ಒಳಗೆ ಯಾರೋ ಮುಲುಗಿದ ಹಾಗೆ ಒಂದು ಸದ್ದು, ಅಷ್ಟೇ. ಮುಂದಿನಿಂದ ತಿರುಗಿಸುವ ಹ್ಯಾಂಡಲ್ ಒಂದಿತ್ತು. ಅದು ಒಮ್ಮೆ ಹಿಂದಕ್ಕೆ ತಿರುಗಿ ಹೊಡೆದು ಮಾವನ ಮಣಿಕಟ್ಟು ಬದನೆಕಾಯಿಯಾದ ಮೇಲೆ, ಬಚ್ಚಲ ಒಲೆಯಲ್ಲಿ ಕಟ್ಟಿಗೆ ಕೆದಕುವ ನೌಕರಿಗೆ ಸೇರಿತ್ತು. ಉಳಿದದ್ದು ತಳ್ಳುವುದು. ನಮ್ಮ ಓಣಿಯ ಗಂಡಸರಿಗೆ ಉಂಡದ್ದು ಅರಗಿಸಲು ಬೇರೆ ವ್ಯಾಯಾಮವೇ ಬೇಕಾಗಿರಲಿಲ್ಲ.

ರೋಗ ಪತ್ತೆ ಮಾಡಲು ವೈದ್ಯರ ಕೊರತೆಯೂ ಇರಲಿಲ್ಲ. ಎದುರುಮನೆಯ ನಿವೃತ್ತ ಬಸ್ ಡ್ರೈವರ್ ದಿನಾ ಬೆಳಿಗ್ಗೆ ಬೇವಿನ ಕಡ್ಡಿ ಜಗಿಯುತ್ತಾ ಬಂದು, ಬಾನೆಟ್ಟಿನೊಳಗೆ ಬಗ್ಗಿ, "ಇದು ಪೆಟ್ರೋಲ್ ಕುಡಿಯಾಕ ಒಲ್ಲದ್ರಿ" ಎನ್ನುತ್ತಿದ್ದರು. ತಳ್ಳಿದಾಗ ಮಾತ್ರ ಹೇಗೆ ಕುಡಿಯುತ್ತದೆ ಎಂದು ಕೇಳಿದರೆ, "ಅದಕ್ಕ ಹಠ ಐತಿ" ಎಂದು ಹೊಸ ಕಡ್ಡಿ ಬಾಯಿಗೆ ಹಾಕುತ್ತಿದ್ದರು. ಇನ್ನೊಬ್ಬರು ಪಂಪ್‌ಸೆಟ್ ಮೇಸ್ತ್ರಿ, ಹರಪನಹಳ್ಳಿ ಕಡೆಯವರು. ಅವರ ಮಾತಿನ ಮೇಲೆ ಬ್ಯಾಟರಿ ಬದಲಾಯಿತು, ಸ್ಟಾರ್ಟರ್ ಮೋಟಾರು ಹೊಸಪೇಟೆಗೆ ಹೋಗಿ ಹೊಸದಾಗಿ ತಂತಿ ಸುತ್ತಿಸಿಕೊಂಡು ಬಂತು, ಗುಂಡಿಯೂ ಹೊಸದಾಯಿತು. ಎಲ್ಲ ಹೊಸದಾದರೂ ಮುಲುಗು ಮಾತ್ರ ಹಳೆಯದೇ.

ಇದಕ್ಕೆಲ್ಲ ಮೇಲಿನ ಚಿಕಿತ್ಸೆ ಪೂಜೆ. ಅಮಾವಾಸ್ಯೆಗೆ ಗಾಡಿ ಪೂಜೆ ಮಾಡದ ಮನೆ ನಮ್ಮ ಕಡೆ ಎಲ್ಲಿದೆ? ಬೇರೆಯವರು ಚಕ್ರದ ಮುಂದೆ ಕಾಯಿ ಒಡೆದು, ಗಾಜಿಗೆ ವಿಭೂತಿ ಎಳೆದು ಮುಗಿಸುತ್ತಿದ್ದರು. ನಮ್ಮ ಅತ್ತೆ ಹಾಗೆ ಕೈ ತೊಳೆದುಕೊಳ್ಳುವವರಲ್ಲ. ಬಾನೆಟ್ ಎತ್ತಿಸಿ ಒಳಗೆ ನೋಡುವಾಗ ಎಂಜಿನ್ನಿನ ಪಕ್ಕ ಒಂದು ಗುಂಡುತಲೆಯ ಬೋಲ್ಟು ಅವರ ಕಣ್ಣಿಗೆ ಬಿದ್ದಿತ್ತು. ಅದರ ಕೆಳಗೆ ಪಾಣಿಪೀಠದಂತೆ ಒಂದು ಅಗಲವಾದ ಬಿಲ್ಲೆ. ಅತ್ತೆಗೆ ಅದು ಸಾಕ್ಷಾತ್ ಲಿಂಗವಾಗಿ ಕಂಡಿತು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಅದಕ್ಕೆ ವಿಭೂತಿ, ಕುಂಕುಮ, ಒಂದು ಹೂವು, ಮೇಲೆ ಕಾಯಿನೀರಿನ ಅಭಿಷೇಕ. ಕಾರು ಹೆಚ್ಚು ಮುಲುಗಿದ ತಿಂಗಳಲ್ಲಿ ಎರಡು ಕಾಯಿ.

ಮೇಸ್ತ್ರಿ ಬಂದಾಗ ಮೊದಲು ಚಪ್ಪಲಿ ಬಿಟ್ಟು, ಆ ಬೋಲ್ಟಿಗೆ ಕೈ ಮುಗಿದು, ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚುತ್ತಿದ್ದರು. "ಅದು ದೇವ್ರ ಜಾಗ ಐತೆ ತಾಯಿ, ನಾನು ಮುಟ್ಟಲ್ಲ" ಎನ್ನುತ್ತಿದ್ದರು. ಮೇಸ್ತ್ರಿಯ ಭಕ್ತಿ ನೋಡಿ ಅತ್ತೆ ಅವರಿಗೆ ಚಹಾಕ್ಕೆ ಸಕ್ಕರೆ ಒಂದು ಚಮಚ ಹೆಚ್ಚೇ ಹಾಕುತ್ತಿದ್ದರು.

ಇದೆಲ್ಲ ನನಗೇನು ಎಂದು ಸುಮ್ಮನಿದ್ದೆ. ರೊಟ್ಟಿ ಬಡಿಯುವವಳಿಗೆ ಸ್ಟಾರ್ಟರಿನ ಗೊಡವೆ ಯಾಕೆ? ಆದರೆ ಹಡಗಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು ಬೇಕೆಂದು ಸುದ್ದಿ ಬಂತು. ನಾನು ಬಿ.ಎಸ್ಸಿ. ಓದಿದ್ದೆ, ಬಿ.ಎಡ್. ಕೂಡ ಮುಗಿಸಿದ್ದೆ. ಮದುವೆಯ ಮಾತುಕತೆಯಲ್ಲಿ "ಓದಿದ ಹುಡುಗಿ" ಎಂದು ಮೀಸೆ ತಿರುವಿದ ಮಾವನಿಗೆ, ಓದಿದ ಹುಡುಗಿ ಓದಿದ್ದನ್ನು ಉಪಯೋಗಿಸಬಹುದು ಎಂಬುದು ಹೊಳೆದಿರಲಿಲ್ಲ. ನನಗೆ ಆ ಕೆಲಸ ಬೇಕೇಬೇಕಿತ್ತು. ಅಡುಗೆಮನೆಯ ಹೊಗೆಯಲ್ಲಿ ಕಲಿತದ್ದೆಲ್ಲ ಒಂದೊಂದಾಗಿ ಮರೆತು ಹೋಗುತ್ತಿತ್ತು. ಒಂದು ದಿನ ಓಮ್‌ನ ನಿಯಮ ನೆನಪಿಗೆ ಬಾರದೆ, ಹಿಟ್ಟಿನ ಕೈಯಲ್ಲೇ ಕೂತು ಅತ್ತಿದ್ದೆ. ಗಂಡ ಬಳ್ಳಾರಿಯಲ್ಲಿ ನೌಕರಿಗಿದ್ದರು, ಶನಿವಾರ ಬರುವವರು. ಶನಿವಾರ ನನ್ನ ಮುಂದೆ "ಹೋಗು" ಎಂದರು, ಭಾನುವಾರ ಅಪ್ಪನ ಮುಂದೆ ಎಲೆಯಡಿಕೆ ಜಗಿದರು, ಸೋಮವಾರ ಬಸ್ಸು ಹತ್ತಿದರು.

ಮಾವ ಬೇಡ ಎನ್ನಲಿಲ್ಲ. ಬೇಡ ಎನ್ನುವುದು ಸಣ್ಣವರ ಕೆಲಸ. "ಕಾರ್ನ್ಯಾಗ ನಾನ ಕರ್ಕೊಂಡು ಹೋಗ್ತೀನಿ" ಎಂದರು.

"ಬೆಳಿಗ್ಗೆ ಬಸ್ಸು ಐತಲ್ರಿ ಮಾವ" ಎಂದೆ.

"ಕಾರು ಇದ್ದ ಮನಿ ಸೊಸಿ ಬಸ್ಸಿನ್ಯಾಗ ಜೋತಾಡಿಕೊಂತ ಹೋದ್ರ ಮಂದಿ ನನ್ನ ಮಾರಿಗೆ ಉಗುಳಾಂಗಿಲ್ಲೇನು?"

ಸಂದರ್ಶನ ಅಮಾವಾಸ್ಯೆಯ ಮರುದಿನ, ಹನ್ನೊಂದು ಗಂಟೆಗೆ. ಪ್ರಯಾಣ ಇದೆಯೆಂದು ಅತ್ತೆ ಹಿಂದಿನ ಸಂಜೆ ಮೂರು ಕಾಯಿ ಒಡೆಸಿ ಬೋಲ್ಟಿಗೆ ಭರ್ಜರಿ ಅಭಿಷೇಕ ಮಾಡಿದರು. ಬೆಳಿಗ್ಗೆ ಬಸ್ಸು ನಮ್ಮ ಕಣ್ಣೆದುರೇ ಹಾರ್ನ್ ಹೊಡೆಯುತ್ತಾ ಹೋಯಿತು. ನಾನು ಸೀರೆ ಉಟ್ಟು ಕಾರಿನ ಪಕ್ಕ ನಿಂತಿದ್ದೆ. ಮಾವ ಗುಂಡಿ ಎಳೆದರು. ಅವತ್ತು ಮುಲುಗು ಕೂಡ ಬರಲಿಲ್ಲ.

"ತಳ್ಳಿಸ್ರಿ ಮಾವ" ಎಂದೆ.

ಮಾವ ಸ್ಟೇರಿಂಗ್ ಹಿಡಿದೇ ಹೇಳಿದರು: "ಮದುವಿಗಿ, ಮುಂಜಿಗಿ ಅಂದ್ರ ತಳ್ಳಾಕ ಕರೀಬೌದು. ಸೊಸಿನ್ನ ದುಡಿಯಾಕ ಕಳ್ಸಾಕ ಮಂದಿ ಕಡೀಂದ ಕಾರು ತಳ್ಳಿಸಿದ ಅಂತ ಊರೆಲ್ಲ ಆಡಿಕೊಂತಾರ. ಚಾಲೂ ಆದ್ರ ಹೋಗೋಣು. ಆಗ್ಲಿಲ್ಲಂದ್ರ ದೇವರ ಇಚ್ಛಾ."

ಅಬ್ಬಾ, ಆ ಮುಖದ ಮೇಲಿನ ನೆಮ್ಮದಿ! ಬೇಡ ಎನ್ನುವ ಕೆಲಸವನ್ನು ಕಾರಿಗೆ ವಹಿಸಿ ತಾವು ಒಳ್ಳೆಯವರಾಗಿ ಕೂತಿದ್ದರು. ನನಗೆ ಮೈಯೆಲ್ಲ ಉರಿದು ಹೋಯಿತು. ಮೇಸ್ತ್ರಿಯನ್ನು ಕರೆಸಿದರು, ಡ್ರೈವರ್ ಕರೆಯದೆಯೇ ಬಂದರು. ಒಬ್ಬರು ಪೆಟ್ರೋಲ್ ಎಂದರು, ಒಬ್ಬರು ಬ್ಯಾಟರಿ ಎಂದರು. ಸ್ವಲ್ಪ ಹೊತ್ತು ಬಗ್ಗಿ, ಸ್ವಲ್ಪ ಹೊತ್ತು ಎದ್ದು, ಕೊನೆಗೆ ಇಂಥ ಗಂಭೀರ ವಿಷಯಕ್ಕೆ ಚಹಾ ಬೇಕೆಂದು ಮೂವರೂ ತೇರಬಯಲಿನ ಹೋಟೆಲಿಗೆ ನಡೆದರು. ಬೋಲ್ಟು ಬಿಚ್ಚುವ ಪಾನಾಗಳಿದ್ದ ಮೇಸ್ತ್ರಿಯ ಚೀಲ ನೆಲದ ಮೇಲೆಯೇ ಇತ್ತು.

ನಾನು ಸಿಟ್ಟಿನಿಂದ ಮುಂದಿನ ಸೀಟಿನಲ್ಲಿ ಕೂತು ಗುಂಡಿ ಎಳೆದೆ. ಎಳೆದೆ, ಮತ್ತೆ ಎಳೆದೆ. ಬಿಡದೆ ಎಳೆದು ಹಿಡಿದೆ. ಕಾರನ್ನು ಹೊಡೆಯಲು ಬರುವುದಿಲ್ಲವಲ್ಲ. ಆಗ ಇನ್ನೊಂದು ಕೈ ಪಕ್ಕದ ಚೋಕ್ ಗುಂಡಿಗೆ ತಾಗಿತು. ಹಂಚಿನ ಮೇಲೆ ಬೆರಳಿಟ್ಟ ಹಾಗೆ ಚುರ್ ಎಂದಿತು.

ಚೋಕ್ ಯಾಕೆ ಸುಡಬೇಕು? ಅದು ಬರೀ ಎಂಜಿನ್ನಿಗೆ ಹೋಗುವ ಒಂದು ಎಳೆಯುವ ತಂತಿ. ಅದಕ್ಕೂ ಕರೆಂಟಿಗೂ ಸಂಬಂಧವೇ ಇಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡು ಕೂತಾಗ, ಹಿಟ್ಟಿನ ಕೈಗೆ ಬಾರದಿದ್ದ ಓಮ್ ಮಹಾಶಯ ಸುಟ್ಟ ಬೆರಳಿಗೆ ಬಂದ. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋದ ಕರೆಂಟು ವಾಪಸು ಬರಲು ದಾರಿ ಬೇಕು. ಎಂಜಿನ್ನು ಕೂತಿರುವುದು ರಬ್ಬರಿನ ಮೇಲೆ. ಅದರಿಂದ ಕಾರಿನ ಮೈಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರಬೇಕು. ಆ ಹೆದ್ದಾರಿ ಮುಚ್ಚಿದ್ದರಿಂದ ಪಾಪದ ಕರೆಂಟು ಚೋಕಿನ ಕಾಲುದಾರಿಯಲ್ಲಿ ನುಗ್ಗಿ ಬರುತ್ತಿತ್ತು. ಇಳಿದು ಬಾನೆಟ್ಟಿನೊಳಗೆ ಪಟ್ಟಿಯನ್ನು ಹುಡುಕಿದೆ. ಎಂಜಿನ್ನಿನಿಂದ ಹೊರಟು ಎಣ್ಣೆ ಜಿಡ್ಡಿನಲ್ಲಿ ತೂರಿಕೊಂಡು ಅದು ಬಂದು ಸೇರಿದ್ದು ಅತ್ತೆಯ ಲಿಂಗಕ್ಕೆ.

ಆ ಬೋಲ್ಟು, ಬಿಲ್ಲೆ ಎಲ್ಲ ವಿಭೂತಿ, ಕುಂಕುಮ ಮೆತ್ತಿ ಗಟ್ಟಿಯಾಗಿತ್ತು. ಅಂಚಿನಲ್ಲಿ ತಾಮ್ರ ಹಸಿರು ಕಿಲುಬು ಹಿಡಿದು ಪುಡಿ ಪುಡಿ ಉದುರುತ್ತಿತ್ತು. ವರ್ಷಗಟ್ಟಲೆ ಕಾಯಿನೀರು ಕುಡಿದ ತಾಮ್ರ ಇನ್ನೇನಾಗಬೇಕು? ಕಾರು ಕೆಟ್ಟಿದೆ ಎಂದು ಪೂಜೆ, ಪೂಜೆಯಿಂದ ಕಾರು ಕೆಡುವುದು, ಕೆಟ್ಟಿತೆಂದು ಇನ್ನೂ ಒಂದು ಕಾಯಿ. ನನಗೆ ನಗು ಬಂತು, ಅದರ ಹಿಂದೆಯೇ ಅಳು. ಬಿಚ್ಚಿದರೆ ಅತ್ತೆಯ ದೇವರನ್ನು ಕಿತ್ತ ಸೊಸೆಯಾಗುತ್ತೇನೆ. ಬಿಚ್ಚದಿದ್ದರೆ ರೊಟ್ಟಿ ಬಡಿಯುತ್ತಾ ಇರುತ್ತೇನೆ.

ಹಿಂದೆ ಬಳೆ ಸದ್ದಾಯಿತು. ಅತ್ತೆ ನಿಂತಿದ್ದರು. "ಏನವ್ವಾ, ಕೈ ಸುಟ್ಟುಕೊಂಡ್ಯಾ?"

ಬಂದದ್ದು ಬರಲಿ ಎಂದು ಎಲ್ಲ ಹೇಳಿಬಿಟ್ಟೆ. ಕರೆಂಟಿನ ದಾರಿ, ಕಾಯಿನೀರು, ಕಿಲುಬು. "ಅತ್ತೀ, ಇದನ್ನ ಬಿಚ್ಚಿ ಕೆರೀಬೇಕ್ರಿ. ಇಲ್ಲಂದ್ರ ಇದು ಚಾಲೂ ಆಗಂಗಿಲ್ಲ."

ಅತ್ತೆ ಬೋಲ್ಟನ್ನು ನೋಡಿದರು, ನನ್ನ ಮುಖ ನೋಡಿದರು. ಬೈಗುಳಕ್ಕೆ ಕಾಯುತ್ತಾ ನಿಂತೆ.

"ಕಿಲುಬು ಐತೇನು?" ಎಂದರು. "ದೇವರ ಸಾಮಾನಿಗೆ ಕಿಲುಬು ಬಿಡಬಾರದವ್ವಾ. ಸೋಮವಾರಕ್ಕೊಮ್ಮೆ ಜಗಲಿ ಮ್ಯಾಲಿನ ತಂಬಿಗಿ, ಗಂಟಿ ಎಲ್ಲಾ ನಾ ತಿಕ್ಕಂಗಿಲ್ಲೇನು? ಇದೊಂದು ತಿಕ್ಕಾಕ ಯಾರೂ ಹೇಳ್ಲಿಲ್ಲ ನೋಡು. ಬಿಚ್ಚಿ ಕೊಡು ಇತ್ಲಾಗ."

ಒಳಗೆ ಹೋಗಿ ಹುಣಸೆಹಣ್ಣು, ಉಪ್ಪು, ಒಲೆಯ ಬೂದಿ ತಂದರು. ಮೇಸ್ತ್ರಿಯ ಪಾನಾ ಹಿಡಿದು ನಾನು ಪಟ್ಟಿಯ ಎರಡೂ ತುದಿ ಬಿಚ್ಚಿದೆ. ಅತ್ತೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬೋಲ್ಟು, ಬಿಲ್ಲೆ, ಪಟ್ಟಿ ಎಲ್ಲವನ್ನೂ ದೇವರ ತಂಬಿಗೆ ತಿಕ್ಕುವ ಹಾಗೆಯೇ ತಿಕ್ಕಿದರು. ತಾಮ್ರ ಕೆಂಪಗೆ ಹೊಳೆಯಿತು. ಬೋಲ್ಟು ಕೂತಿದ್ದ ಜಾಗವನ್ನು ನಾನು ಇಟ್ಟಿಗೆ ಚೂರಿನಿಂದ ಕೆರೆದೆ. ಒರೆಸಿ, ಒಣಗಿಸಿ, ಬಿಗಿ ಮಾಡಿದೆ. ಕೈಯೆಲ್ಲ ಕಪ್ಪು, ಸೀರೆಯ ಸೆರಗಿಗೆ ಜಿಡ್ಡು.

"ನೀವ ಎಳೀರಿ ಅತ್ತೀ" ಎಂದು ಕೀಲಿ ತಿರುಗಿಸಿ, ಗೇರು ಬಿಡಿಸಿ ಕೊಟ್ಟೆ. ಅಷ್ಟು ವರ್ಷ ಆ ಕಾರಿಗೆ ಕಾಯಿ ಒಡೆಸಿದ ಹೆಂಗಸು ಮುಂದಿನ ಸೀಟಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. ಸೆರಗು ತಲೆ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ ಗುಂಡಿ ಎಳೆದರು. ಎಂಜಿನ್ನು ಗರ್ ಎಂದು ಎದ್ದಿತು. "ಅಯ್ಯಯ್ಯೋ, ಹೊಂಟ್ತವ್ವೋ!" ಎಂದು ಅತ್ತೆ ಸ್ಟೇರಿಂಗನ್ನು ಎರಡೂ ಕೈಯಿಂದ ತಬ್ಬಿಕೊಂಡರು. ಕಾರು ನಿಂತಲ್ಲೇ ಇತ್ತು.

ಸದ್ದು ಕೇಳಿ ಹೋಟೆಲಿನ ಮೂವರೂ ಓಡಿ ಬಂದರು. ಡ್ರೈವರ್ ತಕ್ಷಣ, "ಪೆಟ್ರೋಲ್ ಈಗ ಬಂತು ನೋಡ್ರಿ" ಎಂದರು. ಮೇಸ್ತ್ರಿ ಬೋಲ್ಟಿಗೆ ಕೈ ಮುಗಿದು, ವಿಭೂತಿ ಇಲ್ಲದ್ದು ಕಂಡು ಕೈ ಕೆಳಗಿಳಿಸಿದರು. ಮಾವ ಬಾನೆಟ್ ಮುಚ್ಚಿದರು. ಓಣಿಯ ಮಂದಿ ಸುತ್ತ ನಿಂತು ನೋಡುತ್ತಿದ್ದರು, "ಚಾಲೂ ಆದ್ರ ಹೋಗೋಣು" ಎಂಬ ಮಾತು ಅವರೆಲ್ಲರ ಕಿವಿಗೂ ಬಿದ್ದಿತ್ತು. ಅತ್ತೆ ಇಳಿದು, ಯಾರನ್ನೂ ಕೇಳದೆ ಹಿಂದಿನ ಸೀಟಿನಲ್ಲಿ ಕೂತರು. "ನಡೀರಿ, ಹೊತ್ತಾತು" ಎಂದರು.

ದಾರಿಯಲ್ಲಿ ಇಟ್ಟಿಗಿ ಊರು ದಾಟಿದೆವು. ಹಡಗಲಿ ಬಂತು, ಕಿಟಕಿಯಿಂದ ಮಲ್ಲಿಗೆ ವಾಸನೆ ಬಂತು, ನನ್ನ ಕೈಯಿಂದ ಹುಣಸೆಹಣ್ಣಿನ ವಾಸನೆ. ಹೈಸ್ಕೂಲಿನ ಗೇಟಿನಲ್ಲಿ ಕಾರು ನಿಲ್ಲಿಸಿದ ಮಾವ ಎಂಜಿನ್ನನ್ನು ಬಂದ್ ಮಾಡಲಿಲ್ಲ. ಒಮ್ಮೆ ನಿಂತದ್ದು ಮತ್ತೆ ಏಳುತ್ತದೆ ಎಂದು ನಂಬುವ ಅಭ್ಯಾಸ ಅವರಿಗಿರಲಿಲ್ಲ. ಇಡೀ ಸಂದರ್ಶನ ನಡೆಯುವಷ್ಟು ಹೊತ್ತು ಆ ಗುಡುಗುಡು ಸದ್ದು ಒಳಗೆ ಕೇಳುತ್ತಲೇ ಇತ್ತು.

ಕಮಿಟಿಯ ಹಿರಿಯರು ನನ್ನ ಕಪ್ಪು ಕೈಗಳನ್ನು ನೋಡಿಯೂ ನೋಡದಂತೆ ಇದ್ದರು. ವಿಜ್ಞಾನದ ಬಗ್ಗೆ ಒಂದೆರಡು ಪ್ರಶ್ನೆ ಕೇಳಿ ತಲೆಯಾಡಿಸಿದರು. ಆಮೇಲೆ ನಡುವೆ ಕೂತವರು ಕನ್ನಡಕ ತೆಗೆದು ಕೇಳಿದರು: "ಎಲ್ಲಾ ಛಲೋ ಐತಿ. ಆದ್ರ ಹಿಂದ ಇದ್ದಾಕಿ ಮನ್ಯಾಗ ಬ್ಯಾಡ ಅಂದ್ರು ಅಂತ ನಡುವ ಬಿಟ್ಟು ಹೋದ್ಳು. ನಿಮ್ಮ ಮನಿಯವರು ಒಪ್ಪ್ಯಾರೇನು?"

ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಎಲ್ಲ ಮುಗಿಯಿತು. ಹೊರಗೆ ಕಾರು ಗುಡುಗುಡು ಎನ್ನುತ್ತಿತ್ತು.

"ಒಪ್ಪೀವ್ರಿ."

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಪರ ಗಂಡಸರ ಮುಂದೆ ಅವರು ಬಾಯಿ ಬಿಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಂದು ಹೆಜ್ಜೆ ಒಳಗೆ ಬಂದರು. "ನಾ ಅಕಿ ಅತ್ತಿ ಅದೀನ್ರಿ. ಮನಿಯವರು ಅಂದ್ರ ನಾನ. ಅಕಿ ನಡುವ ಬಿಡಾಂಗಿಲ್ಲ."

ಹಿರಿಯರು ಕನ್ನಡಕ ಹಾಕಿಕೊಂಡು, "ಸೋಮವಾರ ಬಂದು ಸೇರ್ಕೊಳ್ರಿ ಹಂಗಾರ" ಎಂದರು. ಹೊರಗೆ ಬರುವಾಗ ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡಲೂ ಇಲ್ಲ. ಅತ್ತೆ ಕಪ್ಪು ಕೈಯಲ್ಲೇ ನನ್ನ ಕಣ್ಣೊರೆಸಿ, ಕೆನ್ನೆಗೂ ಒಂದಿಷ್ಟು ಜಿಡ್ಡು ಹಚ್ಚಿದರು.

ಮಾವ ಗೇಟಿನಲ್ಲಿ ಹಾಗೆಯೇ ಕೂತಿದ್ದರು, ಪೆಟ್ರೋಲ್ ಸುಡುತ್ತಿತ್ತು. ಅತ್ತೆ ಕಿಟಕಿಯ ಹತ್ತಿರ ಹೋದರು.

"ಸೋಮವಾರದಿಂದ ಅಕಿ ಬಸ್ಸಿಗೆ ಬರ್ತಾಳ. ಈಗ ಅಕಿಗೆ ಒಂದು ಮೊಳ ಮಲ್ಲಿಗಿ ಕೊಡಸ್ಬೇಕು. ಕಾರು ಬಂದ್ ಮಾಡಿ ಇಳೀರಿ."

"ಹುಚ್ಚಿ, ಬಂದ್ ಮಾಡಿದ್ರ ಮತ್ತ ಚಾಲೂ ಆಗಬೇಕಲ್ಲ!"

"ಆಗ್ತೈತಿ. ನಾವ ತಿಕ್ಕೀವಿ."

"ಆಗ್ಲಿಲ್ಲಂದ್ರ?"

"ಆಗ್ಲಿಲ್ಲಂದ್ರ ನಾನೂ ಅಕೀನೂ ತಳ್ತೀವಿ. ಇಳೀರಿ."

ಮಾವ ಕೀಲಿ ತಿರುಗಿಸಿ ಕಾರು ಬಂದ್ ಮಾಡಿದರು.