ಹಳೇ ಸ್ವಿಚ್ಚಿಗೆ ಮೊದಲ ಕರೆಂಟು

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು. ಹುಬ್ಬಳ್ಳಿ ಕಡೆಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ; ಕಾಯಂ ಮಾಡುವ ಪತ್ರಕ್ಕೆ ಮ್ಯಾನೇಜರರ ಸಹಿ ಅದೇ ತಿಂಗಳು ಬೀಳಬೇಕಿತ್ತು. ಅಷ್ಟರಲ್ಲಿ, ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಬೆಸೆಯುವ ಮೂರು ಸ್ವಿಚ್ಚುಗಳನ್ನು ಒಂದರ ಮೇಲೊಂದಿಟ್ಟು, ಒಂದೇ ಯಂತ್ರದಂತೆ ನಡೆಯುವ ಹಾಗೆ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಹೊಸವು, ಒಂದು ಹುಬ್ಬಳ್ಳಿಯ ಗೋದಾಮಿನಲ್ಲಿ ದುಡಿದು ಬಂದ ಹಳೆಯದು.

ಒಂದು ವಾರ ಕೂತು ಪ್ಲಾನ್ ಬರೆದೆ. ಯಾವ ಕೇಬಲ್ಲು ಎಲ್ಲಿಂದ ಎಲ್ಲಿಗೆ, ಕೊನೆಯದರಿಂದ ಮೊದಲನೆಯದಕ್ಕೆ ಹೇಗೆ ಸುತ್ತಿ ಬರಬೇಕು, ಎಲ್ಲಕ್ಕೂ ಬಣ್ಣದ ಪೆನ್ನಿನ ಗೆರೆ. ನನ್ನ ಅಕ್ಷರದ ಮೇಲೆ ನನಗೇ ಮೋಹ. ಬರೆಯದೆ ಬಿಟ್ಟದ್ದು ಒಂದೇ: ಮೂರರಲ್ಲಿ ಯಜಮಾನ ಯಾವುದು ಎಂಬ ನಂಬರು. ಅದನ್ನು ಕೊಡದಿದ್ದರೆ ಮೊದಲು ಎದ್ದದ್ದೇ ಯಜಮಾನ, ಉಳಿದವು ಅದು ಹೇಳಿದಂತೆ ಕೇಳುತ್ತವೆ.

ನನ್ನ ಜೊತೆಗಿದ್ದವರು ಕಾರ್ಖಾನೆಯ ಹಿರಿಯ ಇಲೆಕ್ಟ್ರಿಶಿಯನ್, ಎಲ್ಲರಿಗೂ ಕಾಕಾ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ದಸರೆಯಲ್ಲಿ ಯಂತ್ರಗಳಿಗೆ ಮಾಡುವ ಖಂಡೇಪೂಜೆಯಲ್ಲಿ ಅವರು ಕುಂಕುಮ ಹಚ್ಚುತ್ತಿದ್ದುದು ಮೊದಲು ಹಳೇ ಲೇತ್ ಯಂತ್ರಕ್ಕೆ. ಬೆಳಿಗ್ಗೆ ಮೋಟರು ಚಾಲೂ ಮಾಡುವುದೂ ವಯಸ್ಸಿನ ಪ್ರಕಾರವೇ. ಭಾನುವಾರ ಜೋಡಣೆ ಮುಗಿದಾಗ, "ಹಿರೇರಿಗೆ ಮೊದಲ, ತಂಗಿ" ಎಂದು ಹಳೇ ಸ್ವಿಚ್ಚಿಗೆ ಕೈಮುಗಿದು ಕರೆಂಟು ಕೊಟ್ಟರು. ನಾನು ನಕ್ಕೆ. ಮೂರಕ್ಕೂ ಹಸಿರು ದೀಪ ಹತ್ತಿತು, ಮನೆಗೆ ಹೋದೆವು.

ಸೋಮವಾರ ಒಂದು ಕಂಪ್ಯೂಟರೂ ಇನ್ನೊಂದನ್ನು ಮಾತಾಡಿಸಲಿಲ್ಲ. ಯಜಮಾನನಾಗಿ ಕೂತ ಹಳೆಯದು ಗೋದಾಮಿನ ಸೆಟ್ಟಿಂಗುಗಳನ್ನೇ ಎಲ್ಲದರ ಮೇಲೆ ಹೇರಿತ್ತು. ನಾನು ನಂಬರು ಕೊಟ್ಟು ಸರಿಪಡಿಸುವಷ್ಟರಲ್ಲಿ ಅರ್ಧ ದಿನ ಹಾಳಾಗಿತ್ತು.

"ಯಾರ್ರೀ ಇದನ್ನ ಚಾಲೂ ಮಾಡಿದವರು?" ಮ್ಯಾನೇಜರರು ಕೇಳಿದರು.

"ನಾನ ರೀ ಸಾಹೇಬ್ರ. ಆಕಿದೇನೂ ತಪ್ಪಿಲ್ಲ," ಎಂದರು ಕಾಕಾ.

ಬೈಗುಳವೆಲ್ಲ ಅವರೇ ತಿಂದರು. ನಾನು ತೆಪ್ಪಗೆ ನಿಂತಿದ್ದೆ. ಆ ಹೊತ್ತು ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ.

ಊಟಕ್ಕೆ ಬುತ್ತಿ ಬಿಚ್ಚುವಾಗ ಹೇಳಿದೆ: "ಕಾಕಾ, ತಪ್ಪು ನಂದ ರೀ. ನಾನ ನಂಬರ್ ಹಾಕಿದ್ದಿಲ್ಲ."

"ಗೊತ್ತೈತಿ. ನೀ ಸರಿ ಮಾಡೂಮುಂದ ನೋಡೇನಿ. ನಂದೇನ, ನಾಕ ತಿಂಗಳದ ನೌಕರಿ. ನಿಂದು ಈಗ ಶುರು ಆಗಾಕತ್ತೈತಿ. ಸುಮ್ಮ ರೊಟ್ಟಿ ತಿನ್ನು."

ನಾನು ಡಬ್ಬಿ ಮುಚ್ಚಿ, ಮ್ಯಾನೇಜರರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ಪತ್ರ ಆರು ತಿಂಗಳು ಮುಂದೆ ಹೋಯಿತು. ಕಾಕಾ ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ಕೊನೆಗೂ ಪತ್ರ ಕೈಗೆ ಬಂದಾಗ ಅವರು ನಿವೃತ್ತರಾಗಿ ತಮ್ಮೂರು ಅಮ್ಮಿನಬಾವಿಯ ಮನೆಯಲ್ಲಿದ್ದರು. ಫೋನಿನಲ್ಲಿ ತಿಳಿಸಿದೆ. ಮರುದಿನ ಬಸ್ಸು ಹಿಡಿದು ಕಾರ್ಖಾನೆಯ ಗೇಟಿಗೇ ಬಂದರು. ಕೈ ಒರೆಸಿಕೊಂಡು ಪತ್ರ ಇಸಿದುಕೊಂಡು, ಕನ್ನಡಕ ಏರಿಸಿ, ನಿಂತಲ್ಲೇ ಸಹಿಯವರೆಗೂ ಓದಿದರು. ಆಮೇಲೆ ಮತ್ತೆ ಮೊದಲಿನಿಂದ ಓದಿದರು.