ಪ್ರೀತಿ ಭೋಜನದ ಪಾತೇಲಿ ಹೊರಗೆ ಒಯ್ದ ಮಾರ್ಥಾಬಾಯಿ

ನಂಬಲು ಆಗುತ್ತಿಲ್ಲ...
ಮಾರ್ಥಾಬಾಯಿ ಇನ್ನಿಲ್ಲವಂತೆ.
ಮಧ್ಯಾಹ್ನ ಅವರ ಸೊಸೆ, ನನ್ನ ಗೆಳತಿ ಶಾಂತಾ ಫೋನ್ ಮಾಡಿ "ನಮ್ಮ ಅತ್ತಿ ಹೋದ್ರು ಬೇ..." ಎಂದಾಗ, ಎಲ್ಲಿಗೆ ಎಂದು ಕೇಳಿಬಿಟ್ಟೆ.
ಅಷ್ಟು ಗಟ್ಟಿ ಜೀವ ಅದು.

ಅದಕ್ಕಿಂತ ನಂಬಲಾಗದ್ದು ನಿಮ್ಮ ಸ್ಟೇಟಸ್‌ಗಳು...
"ನಮ್ಮ ಸಭೆಯ ತಾಯಿ" ಅಂತೆ. ಮೇಣದಬತ್ತಿಯ ಎಮೋಜಿ ಬೇರೆ.
ಹಾಕಿದವರು ಯಾರು? ಚರ್ಚ್ ಕಮಿಟಿಯ ಹಿರಿಯರು, ಅವರ ಮಕ್ಕಳು.
ನಿಮಗೆ ಮರೆತಿರಬಹುದು. ನಾನೂ ಅದೇ ಚರ್ಚಿನವಳು, ಅಲ್ಲೇ ಇದ್ದೆ.

ಎಂಬತ್ತರ ದಶಕದ ಕೊನೆ. ನಿಪ್ಪಾಣಿ.
ಗಂಡ ತೀರಿದ ಮೇಲೆ ತಂಬಾಕಿನ ವಖಾರಿಯಲ್ಲಿ ದುಡಿದು ಮಕ್ಕಳನ್ನು ಬೆಳೆಸಿದವರು ಮಾರ್ಥಾಬಾಯಿ.
ಹಿರಿಮಗ ಪಾಲಬಾವಿಯ ರೈತರ ಮನೆಯ ಶಾಂತಾಳನ್ನು ರಿಜಿಸ್ಟರ್ ಮದುವೆಯಾಗಿ ಕರೆತಂದ. ತವರಿನವರು ಬಾಗಿಲು ಮುಚ್ಚಿದರು.
ಮಾರ್ಥಾಬಾಯಿ ಜಾತಿ ಕೇಳಲಿಲ್ಲ, ಧರ್ಮ ಕೇಳಲಿಲ್ಲ.
"ಉಂಡೀಯೇನವಾ?"
ಅಷ್ಟೇ.

ಆ ವರ್ಷದ ಈಸ್ಟರ್... ಚರ್ಚಿನ ಅಂಗಳದಲ್ಲಿ ಪ್ರೀತಿ ಭೋಜನ.
ಹೆಸರು ನೋಡಿ... ಪ್ರೀತಿ ಭೋಜನ!
ಮಗನ ಮದುವೆಯ ಖುಷಿಗೆ ಮಟನ್ ಮಾರ್ಥಾಬಾಯಿಯದು, ಅಡುಗೆಯೂ ಅವರದೇ.
ಬಸುರಿ ಶಾಂತಾ ನನ್ನ ಪಕ್ಕದಲ್ಲಿ ಪಂಕ್ತಿಗೆ ಕುಳಿತಿದ್ದಳು.
ಕೋಟು ತೊಟ್ಟ ಹಿರಿಯರೊಬ್ಬರು ಬಂದು ಅವಳ ಮುಂದಿನ ತಾಟು ಎತ್ತಿಬಿಟ್ಟರು.
"ದೀಕ್ಷಾಸ್ನಾನ ಆಗದಾವ್ರು ಈ ಸಾಲಿನ್ಯಾಗ ಕೂಡಂಗಿಲ್ಲ. ಹಣಿ ಮ್ಯಾಲ ಕುಂಕುಮ ನೋಡ್ರಿ!"
ಎಂಥ ವಿಶ್ವಾಸಿಗಳು! ಎಲ್ಲರ ಕಣ್ಣು ಮಟನ್ ಮೇಲೆ...

ಮಾರ್ಥಾಬಾಯಿ ಒಲೆಯ ಬಳಿಯಿಂದ ಬಂದು ಸೊಸೆಯ ಕೈಹಿಡಿದು ಎಬ್ಬಿಸಿದರು.
"ಆಕಿ ಉಣ್ಣದ ಊಟ ಯಾರಿಗೂ ಇಲ್ರಿ."
ಮಗನಿಂದ ಮಟನ್ ತುಂಬಿದ ಪಾತೇಲಿ ಎತ್ತಿಸಿ ಗೇಟಿನ ಹೊರಗೆ ಒಯ್ದರು. ಮೊದಲು ಶಾಂತಾಳಿಗೆ ಬಡಿಸಿದರು. ಆಮೇಲೆ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಉಣಿಸಿದರು.
ಒಳಗಿದ್ದ ಮಹನೀಯರು ಬರಿ ಅನ್ನ ತಿಂದು ಸ್ತೋತ್ರ ಹೇಳಿದರು.

ಅದಕ್ಕೆ ನಿಮ್ಮ ಸೇಡು? ಮಹಿಳಾ ಸಂಘದಿಂದ ಅವರನ್ನು ತೆಗೆದಿರಿ. ಅವರ ಬೆಂಚಿನಲ್ಲಿ ಯಾರೂ ಕೂರದಂತೆ ನೋಡಿಕೊಂಡಿರಿ.
ಭಾರೀ ಪರಾಕ್ರಮ...

ಮಾರ್ಥಾಬಾಯಿ...
ನೀವು ಮಾತ್ರ ಒಂದು ಭಾನುವಾರವೂ ಬಿಡಲಿಲ್ಲ.
ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲರಿಗಿಂತ ಜೋರಾಗಿ ಹಾಡಿದಿರಿ. ರಾಗ ತಪ್ಪುತ್ತಿತ್ತು... ನಿಮಗೆ ಅದರ ಗೊಡವೆಯೇ ಇರಲಿಲ್ಲ.
ತೊಂಬತ್ತರ ದಶಕದಲ್ಲಿ ಚರ್ಚಿನ ಬೆಂಚುಗಳು ಖಾಲಿಯಾಗತೊಡಗಿದಾಗ ಅದೇ ಕೋಟಿನವರು ನಿಮ್ಮ ಮನೆಗೆ ಬಂದರು.
"ಸೊಸಿಗೆ ದೀಕ್ಷಾಸ್ನಾನ ಮಾಡಸೂಣ್ರಿ. ಹಳೇದೆಲ್ಲಾ ಮರತಬಿಡ್ರಿ."
ನೀವು ಚಹಾ ಕೊಟ್ಟು ಹೇಳಿದಿರಿ...
"ಆಕಿಗೆ ಬೇಕನಿಸಿದ್ರ ತಗೋತಾಳ. ನಿಮ್ಮ ಬೆಂಚ್ ತುಂಬಾಕ ಅಲ್ಲ."
ಶಾಂತಾ ತೆಗೆದುಕೊಳ್ಳಲಿಲ್ಲ. ನೀವು ಒತ್ತಾಯಿಸಲೂ ಇಲ್ಲ.
ನಿಮ್ಮ ಕಣ್ಣು ಮಂಜಾದ ಮೇಲೆ ದಿನಾ ಬೈಬಲ್ ಓದಿ ಹೇಳಿದವಳು ಆ ಕುಂಕುಮದ ಸೊಸೆಯೇ.

ಈಗ ಮೊಬೈಲಿಗೆ ಕಮಿಟಿಯ ಶ್ರದ್ಧಾಂಜಲಿ ಬ್ಯಾನರ್ ಬಂದಿದೆ.
ದುಃಖತಪ್ತರು: ಮಕ್ಕಳು, ಮೊಮ್ಮಕ್ಕಳು, ಸಭೆಯ ಹಿರಿಯರು...
ಶಾಂತಾಳ ಹೆಸರೇ ಇಲ್ಲ!
ಥೂ...
ಫೋನ್ ಮಾಡಿ ಅವಳಿಗೆ ಹೇಳಿದೆ.
"ಹೋಗ್ಲಿ ಬಿಡ ಬೇ... ಅತ್ತಿಗೆ ಜಳಕ ಮಾಡಸೂದೈತಿ. ನೀರ ಕಾದಾವ" ಎಂದು ಇಟ್ಟುಬಿಟ್ಟಳು.

ಹೋಗಿ ಬನ್ನಿ ಮಾರ್ಥಾಬಾಯಿ...
ದೇವರ ಮಗ್ಗುಲಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳಿ.
ಅಲ್ಲಿ ಕಮಿಟಿ ಇರಲಾರದು.
ಆಮೆನ್.